ಅಜ್ಜಿಗೆ ಬಸ್ಸಿನ ಹೊತ್ತು ತಿಳಿಯಬೇಕು

ನಮ್ಮ ಶಿವಮೊಗ್ಗ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯ ಪಟ್ಟಿಗೆ ಸೇರಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ರಸ್ತೆಗಳು, ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಓಣಿಗಳು, ತುಂಗೆಯ ದಂಡೆ ಎಲ್ಲವೂ ಬದಲಾಗಿವೆ, ಇಲ್ಲವೆನ್ನಲಾರೆ. ಸಂಜೆ ಹೊಳೆದಂಡೆಯಲ್ಲಿ ಅಡ್ಡಾಡುವವರಲ್ಲಿ ನಾನೂ ಒಬ್ಬ.

ಆದರೆ ತಂತ್ರಜ್ಞಾನ ಎಂದ ಕೂಡಲೇ ನಮಗೆ ಕ್ಯಾಮೆರಾ, ದೊಡ್ಡ ಪರದೆಗಳ ನಿಯಂತ್ರಣ ಕೊಠಡಿಯೇ ಏಕೆ ನೆನಪಾಗಬೇಕು? ತೀರ್ಥಹಳ್ಳಿಯ ಕಡೆಯಿಂದಲೋ ಹೊಸನಗರದ ಕಡೆಯಿಂದಲೋ ಆಸ್ಪತ್ರೆಗೆ ಬಂದ ಅಜ್ಜಿಯೊಬ್ಬರು ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ನಿಂತಿರುತ್ತಾರೆ. ಮುಂದಿನ ಬಸ್ ಎಷ್ಟು ಹೊತ್ತಿಗೆ ಎಂದು ನಿಲ್ದಾಣದ ಫಲಕವೇ ಅವರಿಗೆ ಹೇಳಬೇಕು, ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ. ಓದು ಬಾರದವರಿಗೆ ಧ್ವನಿಯಲ್ಲಿ. ಬಸ್ಸಿನಲ್ಲಿ ಜಿಪಿಎಸ್ ಇದ್ದರೆ ಇದೇನೂ ಬ್ರಹ್ಮವಿದ್ಯೆಯಲ್ಲ. ಆ್ಯಪ್ ಹಾಕಿಕೊಳ್ಳಿ ಎಂದುಬಿಡುವುದು ಉತ್ತರವಾಗದು. ಮಲೆನಾಡಿನ ಎಷ್ಟೋ ಊರುಗಳಲ್ಲಿ ಸಿಗ್ನಲ್ ಬೇಕೆಂದರೆ ಇನ್ನೂ ಗುಡ್ಡ ಹತ್ತಬೇಕು.

ಇನ್ನೊಂದು, ಚರಂಡಿ. ತುಂಗೆಗೆ ಕಟ್ಟಿದ ಗಾಜನೂರಿನ ಅಣೆಕಟ್ಟೆಯಿಂದ ಹೊರಬಿಡುವ ನೀರಿನ ಲೆಕ್ಕವಿದೆ, ಮಳೆಯ ಅಳತೆಯೂ ಇದೆ. ತಗ್ಗಿನ ಬಡಾವಣೆಗಳ ಚರಂಡಿಗಳಿಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಕೂರಿಸಿ, ಮೂರನ್ನೂ ಒಟ್ಟಿಗೆ ನೋಡಿದರೆ, ನೀರು ಹೊಸ್ತಿಲು ದಾಟುವ ಮೊದಲೇ ಮನೆಮನೆಗೆ ಫೋನ್ ಕರೆ ಹೋಗಬಹುದು. ಅಷ್ಟಾದರೆ ಅಕ್ಕಿಮೂಟೆಯನ್ನು, ಮಕ್ಕಳ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಲು ಹೊತ್ತು ಸಿಗುತ್ತದೆ. ಬಣ್ಣದ ದೀಪದ ಕಾರಂಜಿ ಆಮೇಲೆ ಬರಲಿ, ನನ್ನ ತಕರಾರಿಲ್ಲ.