ರಕ್ತದಲ್ಲಿ ಔಷಧ ಎಷ್ಟಿದೆ?

ಆಂಟಿಬಯೋಟಿಕ್ ಕೊಟ್ಟರೆ ಮುಗಿಯಿತು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ರಕ್ತದಲ್ಲಿ ಅದು ಎಷ್ಟಿದೆ ಅನ್ನೋದು ಬೇರೆಯೇ ಪ್ರಶ್ನೆ. ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಜಾಸ್ತಿಯಾದರೆ ಕಿಡ್ನಿಗೂ ಕಿವಿಗೂ ಪೆಟ್ಟು. ಕಡಿಮೆಯಾದರೆ ಸೋಂಕು ಬಗ್ಗುವುದಿಲ್ಲ.

ಅಳೆಯುವ ಹಳೆಯ ವಿಧಾನ ನನಗೆ ತುಂಬ ಇಷ್ಟ. ಬ್ಯಾಕ್ಟೀರಿಯಾ ಬೆರೆಸಿದ ಅಗರ್ (ಅವು ಬೆಳೆಯುವ ಜೆಲ್ಲಿ) ತಟ್ಟೆಯಲ್ಲಿ ಸಣ್ಣ ಗುಳಿ ಮಾಡಿ ರೋಗಿಯ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕುತ್ತಾರೆ. ಪಕ್ಕದ ಗುಳಿಗಳಲ್ಲಿ ಪ್ರಮಾಣ ಗೊತ್ತಿರುವ ಔಷಧ. ರಾತ್ರಿಯಿಡೀ ಇಟ್ಟರೆ ಗುಳಿಯ ಸುತ್ತ ಏನೂ ಬೆಳೆಯದ ವೃತ್ತ ಮೂಡುತ್ತದೆ. ಅದರ ಅಗಲ ಅಳೆದು, ಪಕ್ಕದವುಗಳ ಜೊತೆ ಹೋಲಿಸಿ ಲೆಕ್ಕ ಹಾಕುವುದು. ಔಷಧ ನಿಜವಾಗಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬಹುದು! ಆದರೆ ರೋಗಿ ಎರಡು ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದರೆ ಆ ವೃತ್ತ ಯಾವುದರದ್ದು ಅಂತ ಹೇಳುವುದು ಕಷ್ಟ.

ಈಗ ಪ್ರತಿಕಾಯಗಳ ಸಹಾಯದಿಂದ ಔಷಧ ಅಳೆಯುವ ಇಮ್ಯುನೊಅಸ್ಸೇ ಯಂತ್ರಗಳು ಬೇಗ ಉತ್ತರ ಕೊಡುತ್ತವೆ. ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿಯಂತೂ ಸ್ವಲ್ಪವೇ ರಕ್ತದಲ್ಲಿ ಹಲವು ಔಷಧಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ.

ಆದರೂ ಯಂತ್ರಕ್ಕಿಂತ ಮುಖ್ಯ ಅಂತ ನನಗೆ ಅನಿಸುವುದು ಸಮಯ ಬರೆದಿಡುವುದು. ಡೋಸ್ ಕೊಟ್ಟಿದ್ದು ಎಷ್ಟು ಗಂಟೆಗೆ, ರಕ್ತ ತೆಗೆದಿದ್ದು ಎಷ್ಟು ಗಂಟೆಗೆ? ಅದು ಗೊತ್ತಿಲ್ಲದಿದ್ದರೆ ರಿಪೋರ್ಟಿನ ಸಂಖ್ಯೆ ಸುಮ್ನೆ ಒಂದು ಸಂಖ್ಯೆ. ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ಮೊದಲೆಲ್ಲ ಮುಂದಿನ ಡೋಸ್‌ಗೆ ತುಸು ಮುಂಚಿನ ಮಟ್ಟವನ್ನೇ ಹೆಚ್ಚಾಗಿ ನೋಡುತ್ತಿದ್ದರು. ಗಂಭೀರ ಎಂಆರ್‌ಎಸ್‌ಎ (ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ) ಸೋಂಕಿಗೆ 24 ಗಂಟೆಯಲ್ಲಿ ದೇಹಕ್ಕೆ ಒಟ್ಟು ಎಷ್ಟು ಸಿಕ್ಕಿತು ಅಂತ ನೋಡಿ ಎನ್ನುತ್ತದೆ 2020ರ ಅಮೆರಿಕದ ಮಾರ್ಗಸೂಚಿ. ಅಂದರೆ ರಕ್ತ ತೆಗೆಯುವವರು ಗಡಿಯಾರ ನೋಡಿ ಬರೆಯುವ ಆ ಒಂದು ಸಾಲಿನ ಮೇಲೆ ಇಡೀ ಲೆಕ್ಕ ನಿಂತಿದೆ.