ಸುಮ್ನೆ ಕೂತ ಸರ್ವರ್‌ಗೂ ಲೈಸೆನ್ಸಾ?

ಡಿಸೆಂಬರ್ ಚಳಿ, ರಾತ್ರಿ ಒಂದೂಕಾಲು. ಫೋನ್ ಬಂತು. "ಸರ, ಕಾಟಾ ನಿಂತೈತ್ರಿ. ಟ್ರ್ಯಾಕ್ಟರ್ ಸಾಲು ರೋಡಿಗೆ ಹತ್ತೈತಿ, ಜಲ್ದಿ ಬರ್ರಿ."

ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನು ನಾನು. ಹಂಗಾಮು ಶುರುವಾದರೆ ಕಾಟಾ ಹಗಲೂ ರಾತ್ರಿ ನಡೆಯಲೇಬೇಕು. ಗಾಡಿ ಒಳಗೆ ಬರುವಾಗ ತುಂಬಿದ ತೂಕ, ಕಬ್ಬು ಇಳಿಸಿ ಹೋಗುವಾಗ ಖಾಲಿ ತೂಕ. ಎರಡರ ವ್ಯತ್ಯಾಸದ ಮೇಲೆಯೇ ರೈತನ ಬಿಲ್. ತೂಕವೆಲ್ಲ ಕೂರುವುದು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ. ಒಳಗೆ ಬಂದ ತೂಕ ಡೇಟಾಬೇಸಿನಲ್ಲಿ ಸಿಗದಿದ್ದರೆ ಗಾಡಿ ಹೊರಗೆ ಹೋಗುವ ಹಾಗಿಲ್ಲ.

ಸರ್ವರ್ ರೂಮಿನ ಬಾಗಿಲು ತೆಗೆದರೆ ಸುಟ್ಟ ವಾಸನೆ. ಕಾರ್ಖಾನೆಯ ಕಾಕಂಬಿ ವಾಸನೆಯನ್ನೂ ಮೀರಿ ಮೂಗಿಗೆ ಬಡಿಯಿತು. ಮುಖ್ಯ ಸರ್ವರ್‌ನ ಪವರ್ ಸಪ್ಲೈ ಹೋಗಿತ್ತು. ನನಗೆ ಗಾಬರಿಯೇನೂ ಆಗಲಿಲ್ಲ. ಆಫೀಸ್ ಕಟ್ಟಡದಲ್ಲಿ ಎರಡನೇ ಸರ್ವರ್ ಇದೆಯಲ್ಲ, ಇಂಥ ದಿನಕ್ಕೆ ಅಂತಲೇ. ಮುಖ್ಯ ಸರ್ವರ್‌ನ ಲಾಗ್, ಅಂದರೆ ಡೇಟಾಬೇಸಿನಲ್ಲಿ ಆದ ಬದಲಾವಣೆಗಳ ದಾಖಲೆ, ಐದೈದು ನಿಮಿಷಕ್ಕೆ ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತದೆ. ಲಾಗ್ ಶಿಪ್ಪಿಂಗ್ ಅನ್ನುತ್ತಾರಲ್ಲ, ಅದು.

ಅಲ್ಲಿ ಹೋಗಿ ನೋಡಿದರೆ ಕೊನೆಯ ಲಾಗ್ ಸೇರಿದ್ದು ರಾತ್ರಿ 10ಕ್ಕೆ. ಆಮೇಲೆ ಬಂದ 35 ಫೈಲ್ ಫೋಲ್ಡರಿನಲ್ಲಿ ಹಾಗೇ ಬಿದ್ದಿದ್ದವು.

ಕಾರಣ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಕಬ್ಬಿನ ವಿಭಾಗದ ಗುಮಾಸ್ತರು ಕಟಾವಿನ ರಿಪೋರ್ಟ್ ತೆಗೆದವರು ಪರದೆಯ ಮೇಲಿನ ಅದರ ಕಿಟಕಿ ಮುಚ್ಚದೆ ಮನೆಗೆ ಹೋಗಿದ್ದರು. ಮುಖ್ಯ ಸರ್ವರ್‌ಗೆ ಭಾರ ಬೇಡ ಅಂತ ಆ ರಿಪೋರ್ಟನ್ನು ಎರಡನೆಯದಕ್ಕೆ ಹೊರಳಿಸಿದವನು ನಾನೇ. ಅದಕ್ಕಾಗಿ ಅದನ್ನು ಓದಲು ಬರುವ ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿ ಇಟ್ಟಿದ್ದೆ. ಆ ಸ್ಥಿತಿಯಲ್ಲಿ ಒಂದು ತಂಟೆ ಇದೆ. ಯಾರಾದರೂ ಡೇಟಾಬೇಸಿನ ಒಳಗೆ ಕೂತಿದ್ದರೆ ಹೊಸ ಲಾಗ್ ಸೇರುವುದಿಲ್ಲ. ಅವರನ್ನು ಹೊರಗೆ ಹಾಕಿ ಸೇರಿಸು ಅನ್ನುವ ಟಿಕ್ ಒಂದಿದೆ. ರಿಪೋರ್ಟ್ ನಡುವೆ ಕಡಿಯುತ್ತದೆ ಅಂತ ಗುಮಾಸ್ತರು ಬೈದಾಗ ಆ ಟಿಕ್ ತೆಗೆದುಬಿಟ್ಟಿದ್ದೆ.

ಅವರ ಕನೆಕ್ಷನ್ ಕಡಿದು 35 ಫೈಲ್ ಸೇರಿಸುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಹೋಯಿತು. ಕೊನೆಯ ಕೆಲವು ನಿಮಿಷದ ನಾಲ್ಕು ತೂಕ ಸಿಗಲೇ ಇಲ್ಲ. ಕಾಟಾದ ಹುಡುಗ ತೂಕದ ಚೀಟಿಯ ಕಾರ್ಬನ್ ಪ್ರತಿ ನೋಡಿ ಕೈಯಿಂದ ಹೊಡೆದ. ಗಾಡಿ ಮತ್ತೆ ಹೊರಳಿದಾಗ ಎರಡೂಮುಕ್ಕಾಲು.

ಮರುದಿನ ಎಂ.ಡಿ. ಸಾಹೇಬರು ಕರೆದರು. "ಎರಡನೇದು ಇದ್ದೂ ಯಾಕ ತಡ ಆತು?" ಎಲ್ಲ ಹೇಳಿದೆ. ಹೇಳುವ ಮೊದಲು ಎರಡನೇ ಸರ್ವರ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್‌ನ ಯಾವ ಎಡಿಷನ್ ಇದೆ ಅಂತ ಅದಕ್ಕೇ ಒಂದು ಸಾಲಿನ ಆಜ್ಞೆ ಬರೆದು ಕೇಳಿದ್ದೆ. ಬಂದ ಉತ್ತರ ನೋಡಿ ಬೆವರು ಬಂತು: ಡೆವಲಪರ್ ಎಡಿಷನ್. ಅದು ಪುಕ್ಕಟೆ. ದುಬಾರಿಯಾದ ಎಂಟರ್‌ಪ್ರೈಸ್ ಎಡಿಷನ್‌ನಲ್ಲಿ ಇರುವುದೆಲ್ಲ ಅದರಲ್ಲೂ ಇದೆ. ಆದರೆ ಕಲಿಯಲು, ಬರೆದದ್ದನ್ನು ಪರೀಕ್ಷೆ ಮಾಡಲು ಮಾತ್ರ. ನಿಜವಾದ ವ್ಯವಹಾರಕ್ಕೆ ಬಳಸುವ ಹಾಗಿಲ್ಲ, ಆ ವ್ಯವಹಾರಕ್ಕೆ ಆಸರೆಯಾಗಿ ನಿಲ್ಲಿಸುವ ಹಾಗೂ ಇಲ್ಲ. 2017ರಲ್ಲಿ "ಸದ್ಯಕ್ಕೆ ಇರಲಿ" ಅಂತ ಹಾಕಿದ್ದೆ. ಸದ್ಯಕ್ಕೆ ಅಂದದ್ದು ಎಷ್ಟು ವರ್ಷ ಆಗುತ್ತದೆ ನೋಡಿ.

ಹೇಗೂ ಖರೀದಿ ಮಾಡಲೇಬೇಕಿತ್ತು. ಮುಖ್ಯ ಸರ್ವರ್‌ನಲ್ಲಿ ಇದ್ದದ್ದು ಎಸ್‌ಕ್ಯೂಎಲ್ ಸರ್ವರ್ 2014, ಅದರ ಬೆಂಬಲ 2024ರ ಜುಲೈಗೇ ಮುಗಿದಿತ್ತು. ಒಬ್ಬ ಮಾರಾಟಗಾರರು ಎರಡೂ ಸರ್ವರ್‌ಗೆ ಎಂಟರ್‌ಪ್ರೈಸ್ ಅಂತ ಕೊಟೇಶನ್ ಕೊಟ್ಟರು. ಎರಡನೆಯದರಲ್ಲಿ ರಿಪೋರ್ಟ್ ಓದಬೇಕಲ್ವಾ, ಅದಕ್ಕೆ ಎಂಟರ್‌ಪ್ರೈಸೇ ಬೇಕು ಅನ್ನುವುದು ಅವರ ವಾದ. ಲೈಸೆನ್ಸ್ ಲೆಕ್ಕ ಪ್ರೊಸೆಸರಿನ ಕೋರಿನ ಮೇಲೆ, ಎರಡೆರಡರ ಕಟ್ಟಾಗಿ ಮಾರುತ್ತಾರೆ. ನಮ್ಮವು ಎಂಟೆಂಟು ಕೋರಿನವು. ಎಂಟರ್‌ಪ್ರೈಸ್ ಕೋರಿನ ಬೆಲೆ ಅದಕ್ಕಿಂತ ಕೆಳಗಿನ ಸ್ಟ್ಯಾಂಡರ್ಡ್ ಎಡಿಷನ್‌ನ ಸುಮಾರು ನಾಲ್ಕು ಪಟ್ಟು. ಆ ಮೊತ್ತ ನೋಡಿದ ಅಕೌಂಟ್ಸ್ ಕಾಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಮ್ಮಾ, ಎರಡನೇದು ಸುಮ್ನ ಕುಂತಿರ್ತೈತಿ ಅಂತಿ. ಕುಂತಿದ್ದಕ್ಕೂ ರೊಕ್ಕಾ ಏನೋ?"

"ಸುಮ್ನ ಕುಂತ್ರ ಇಲ್ರೀ ಕಾಕಾ, ಕೆಲಸಾ ಮಾಡಿದ್ರ ಐತ್ರಿ."

"ಅಂದ್ರ ಸ್ಟೆಪ್ನಿ ಇದ್ದಂಗ?"

ನಾನು ಅರ್ಧ ದಿನ ಓದಿದ ನಿಯಮವನ್ನು ಕಾಕಾ ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಸಾಫ್ಟ್‌ವೇರ್ ಅಶ್ಯೂರೆನ್ಸ್ (ಲೈಸೆನ್ಸಿನ ಮೇಲೆ ಬೇರೆ ದುಡ್ಡು ಕೊಟ್ಟು ತಗೊಳ್ಳುವ ಮೈಕ್ರೋಸಾಫ್ಟ್‌ನ ಕರಾರು) ಜೊತೆ ಮುಖ್ಯ ಸರ್ವರ್‌ಗೆ ಲೈಸೆನ್ಸ್ ತಗೊಂಡರೆ, ಅಷ್ಟೇ ಕೋರಿನ ಆಸರೆ ಸರ್ವರ್‌ಗೆ ಬೇರೆ ಲೈಸೆನ್ಸ್ ಬೇಡ. ಆದರೆ ಅದು ಸ್ಟೆಪ್ನಿಯಾಗಿಯೇ ಇರಬೇಕು. ಬ್ಯಾಕಪ್ ತೆಗೆಯಬಹುದು, ಡೇಟಾಬೇಸ್ ಕೆಟ್ಟಿದೆಯೇ ಅಂತ ತಪಾಸಣೆ ಮಾಡಬಹುದು. ಗುಮಾಸ್ತರ ಒಂದು ರಿಪೋರ್ಟ್ ಓಡಿಸಿದರೂ ಅದು ಕೆಲಸದ ಸರ್ವರ್, ಪೂರ್ತಿ ಎಂಟು ಕೋರಿಗೂ ದುಡ್ಡು ಕಟ್ಟಬೇಕು. ರಿಪೋರ್ಟ್ ಅಲ್ಲಿ ಇರುವುದರಿಂದಲೇ ಕೊಟೇಶನ್ ಅಷ್ಟು ದೊಡ್ಡದಾಗಿತ್ತು.

ಎಕ್ಸ್‌ಪ್ರೆಸ್ ಎಡಿಷನ್ ಪುಕ್ಕಟೆಯಂತೆ, ಅದನ್ನೇ ಹಾಕು ಅಂದರು ಕಾಕಾ. ಆಗಿನ 2022ರ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವ ಹಾಗಿರಲಿಲ್ಲ, ನಮ್ಮದು 38. ಕೋರಿನ ಬದಲು ಬಳಸುವವರ ತಲೆ ಎಣಿಸಿ ಕೊಳ್ಳುವ ದಾರಿಯೂ ಸ್ಟ್ಯಾಂಡರ್ಡ್‌ನಲ್ಲಿ ಇದೆ, ಆಫೀಸಿನ ನಲವತ್ತು ಜನಕ್ಕೆ ಅಗ್ಗವೇ. ಆದರೆ ಸಾವಿರಾರು ರೈತರು ಮೊಬೈಲಿನಲ್ಲಿ ತಮ್ಮ ತೂಕ ನೋಡುತ್ತಾರೆ. ನಡುವೆ ಆ್ಯಪ್ ಇದ್ದರೂ ಅವರೂ ಲೆಕ್ಕಕ್ಕೆ ಬರುತ್ತಾರೆ. ಆ ಮಾತು ಅಲ್ಲಿಗೇ ಬಿಟ್ಟೆವು.

ಕೊನೆಗೆ ತಗೊಂಡದ್ದು ಸ್ಟ್ಯಾಂಡರ್ಡ್ 2022, ಮುಖ್ಯ ಸರ್ವರ್‌ನ ಎಂಟು ಕೋರಿಗೆ, ಅಶ್ಯೂರೆನ್ಸ್ ಸಮೇತ. ಎರಡನೆಯದರಲ್ಲೂ ಅದೇ 2022 ಹಾಕಿದೆ. ಹೊಸ ಆವೃತ್ತಿಯ ಬ್ಯಾಕಪ್ ಹಳೆಯದರ ಮೇಲೆ ಇಳಿಯುವುದಿಲ್ಲವಲ್ಲ. ಸ್ಟ್ಯಾಂಡರ್ಡ್‌ನಲ್ಲೇ ಬೇಸಿಕ್ ಅವೈಲಬಿಲಿಟಿ ಗ್ರೂಪ್ ಕೂಡ ಇದೆ, ಡೇಟಾಬೇಸಿನ ಪ್ರತಿಯನ್ನು ಇನ್ನೊಂದು ಸರ್ವರ್‌ನಲ್ಲಿ ಸಿದ್ಧ ಇಡುವ ವ್ಯವಸ್ಥೆ ಅದು. ಆದರೆ ಒಂದು ಗ್ರೂಪಿಗೆ ಒಂದೇ ಡೇಟಾಬೇಸ್. ನಮ್ಮಲ್ಲಿ ಕಾಟಾದ್ದೊಂದು, ಲೆಕ್ಕಪತ್ರದ್ದೊಂದು. ಒಂದು ಈ ಕಡೆ, ಇನ್ನೊಂದು ಆ ಕಡೆ ಉಳಿದರೆ ಫಜೀತಿ. ಹಳೆಯ ಲಾಗ್ ಶಿಪ್ಪಿಂಗನ್ನೇ ಇಟ್ಟುಕೊಂಡೆ, ಈ ಸಲ ಯಾರೂ ಓದಲು ಬಾರದ ಸ್ಥಿತಿಯಲ್ಲಿ.

ರಿಪೋರ್ಟ್ ಈಗ ಮುಖ್ಯ ಸರ್ವರ್‌ನಲ್ಲೇ ಬೆಳಿಗ್ಗೆ ಐದಕ್ಕೆ ತಾನೇ ತಯಾರಾಗಿ ಗುಮಾಸ್ತರ ಮೇಲ್‌ಗೆ ಹೋಗುತ್ತದೆ. ಬೇಕೆಂದಾಗ ಸಿಗುವುದಿಲ್ಲ ಅಂತ ಅವರಿಗೆ ಸಿಟ್ಟು ಇದ್ದೇ ಇದೆ. ಫೆಬ್ರವರಿಯಲ್ಲಿ ಒಂದು ನಸುಕಿನಲ್ಲಿ ಮುಖ್ಯ ಸರ್ವರ್ ನಿಲ್ಲಿಸಿ, ಕಾಟಾವನ್ನು ಎರಡನೆಯದರ ಮೇಲೆ ನಡೆಸಿ ನೋಡಿದೆ. ಹನ್ನೊಂದು ನಿಮಿಷದಲ್ಲಿ ಗಾಡಿ ಹೊರಳಿದವು. ಯಾರಿಗೂ ಹೇಳಿರಲಿಲ್ಲ. ಆರು ಗಂಟೆಗೆ ಗುಮಾಸ್ತರ ಫೋನ್.

"ಸರ, ಇವತ್ತ ನನ್ನ ರಿಪೋರ್ಟ್ ಬಂದಿಲ್ರೀ."

ಅದನ್ನು ಎರಡನೇ ಸರ್ವರ್‌ನಲ್ಲಿ ಹಚ್ಚುವುದನ್ನೇ ಮರೆತಿದ್ದೆ.