ಐದು ಗುಂಡು, ಒಂದು ಬೈರಾಸು

ಉಡುಪಿ, 19 ಜನವರಿ 2025, ಆದಿತ್ಯವಾರ

ಬೆಳಗ್ಗೆ ಅಂಗಿಯ ತೋಳಿಗೆ ಕೈ ತೂರಿಸುವಾಗ ಜೀವ ಹೋದಂತಾಯಿತು. ಕನ್ನಡಿಯಲ್ಲಿ ನೋಡಿದರೆ ಬಲಗಡೆಯ ಕೊರಳೆಲುಬಿನ ಮೇಲೆ ಮಾಗಿದ ನೇರಳೆ ಹಣ್ಣಿನ ಬಣ್ಣ. ನಿನ್ನೆ ನಾಗರಿಕ ಬಂದೂಕು ತರಬೇತಿಯಲ್ಲಿ 0.303 ಇಂಚು ಅಳತೆಯ ನಳಿಗೆಯ ರೈಫಲಿನಿಂದ ಐದು ಗುಂಡು ಹಾರಿಸಿದ್ದೆ. ಹಲಗೆಗೆ ತಾಗಿದ್ದು ಒಂದು, ನನಗೆ ತಾಗಿದ್ದು ಐದೂ.

ಕಾಲೇಜಿನ ದಿನಗಳ 0.22 ರೈಫಲನ್ನು ನೆನೆದುಕೊಂಡು ಹೋದದ್ದೇ ತಪ್ಪು. ಅದರ ಗುಂಡು ಎರಡೂವರೆ ಗ್ರಾಂ, ಒದೆತ ಗೊತ್ತೇ ಆಗುವುದಿಲ್ಲ. ಇದರದು 11 ಗ್ರಾಂ ಚಿಲ್ಲರೆ, ಹೊರಡುವ ವೇಗ ಸೆಕೆಂಡಿಗೆ ಸುಮಾರು 740 ಮೀಟರ್. ಅದು ಮುಂದಕ್ಕೆ ಚಿಮ್ಮಿದಾಗ ನಾಲ್ಕು ಕಿಲೋ ತೂಕದ ರೈಫಲ್ ಹಿಂದಕ್ಕೆ ಬರಲೇಬೇಕು. ಅಪ್ಪನ ತೋಟದ ಕೋವಿ ಇದಕ್ಕಿಂತ ಹಗುರ, ತೋಟೆಯೊಳಗಿನ ಚರೆ ಭಾರ. ಅದು ಇನ್ನೂ ಜೋರಾಗಿ ಒದೆಯುತ್ತಿತ್ತು. ಆದರೂ ಪ್ರತಿ ಚುನಾವಣೆಗೆ ಅದನ್ನು ಠಾಣೆಗೆ ಒಪ್ಪಿಸಿ ಬರುವಾಗ ಅಪ್ಪನ ಮುಖ ಹಸು ಮಾರಿ ಬಂದವರ ಹಾಗಿರುತ್ತಿತ್ತು.

ಒದೆತಕ್ಕೆ ಹೆದರಿ ನಾನು ಬಟ್ಟನ್ನು, ಅಂದರೆ ರೈಫಲಿನ ಹಿಂತುದಿಯನ್ನು, ಭುಜದಿಂದ ಒಂದು ಬೆರಳು ದೂರ ಹಿಡಿದಿದ್ದೆ. ಓಡಿಬಂದು ಗುದ್ದಲು ಅದಕ್ಕೆ ಅಷ್ಟು ಜಾಗ ಸಾಕು. ಒತ್ತಿ ಹಿಡಿದರೆ ಮೈಯ ಭಾರವೂ ರೈಫಲಿನ ಜೊತೆ ಸೇರಿ ಗುದ್ದು ಬರೀ ನೂಕಾಗುತ್ತದೆ. ಬಟ್ ಕೂರಬೇಕಾದ್ದು ಎಲುಬಿನ ಮೇಲಲ್ಲ, ಅದರ ಕೆಳಗೆ ಮಾಂಸದ ಗುಳಿಯಲ್ಲಿ. ನಿಂತು ಹೊಡೆಯುವವನು ಸ್ವಲ್ಪ ಹಿಂದೆ ವಾಲಿಯಾದರೂ ಒದೆತವನ್ನು ನುಂಗಿಕೊಳ್ಳುತ್ತಾನೆ. ನನ್ನಂತೆ ಬೋರಲು ಮಲಗಿದವನಿಗೆ ಆ ಅವಕಾಶವೂ ಇಲ್ಲ.

ಕೊನೆಗೆ ತರಬೇತುದಾರರು ನನಗೆ ಹೇಳದೆ ಮದ್ದಿಲ್ಲದ ತೋಟೆ ತುಂಬಿಕೊಟ್ಟರು. ಟ್ರಿಗರ್ ಒತ್ತಿದೆ, ‘ಟಿಕ್’ ಎಂದಿತು. ಗುಂಡಿಲ್ಲ, ಒದೆತವಿಲ್ಲ, ಆದರೂ ನಳಿಗೆ ನೆಲಕ್ಕೆ ಬಾಗಿತ್ತು, ನನ್ನ ಕಣ್ಣು ಮುಚ್ಚಿತ್ತು. ಹಲಗೆಗೆ ತಾಗದ ನಾಲ್ಕು ಗುಂಡು ಎಲ್ಲಿಗೆ ಹೋದವೆಂದು ಆಗ ತಿಳಿಯಿತು. ಹೆದರಿಕೆಯಲ್ಲಿ ಅರ್ಧ ಪಾಲು ಸದ್ದಿನದು. ಕಿವಿಮುಚ್ಚಳವನ್ನು ಸಡಿಲವಾಗಿ ಹಾಕಿಕೊಂಡಿದ್ದೆ.

ಆ ಹಳೆಯ ರೈಫಲಿನ ಬಟ್ಟಿಗೆ ಹಿತ್ತಾಳೆಯ ತಗಡು ಬೇರೆ. ರಬ್ಬರ್ ಪ್ಯಾಡ್ ಇದ್ದಿದ್ದರೆ ಅದೇ ಪೆಟ್ಟು ತುಸು ನಿಧಾನವಾಗಿ, ಅಗಲಕ್ಕೆ ಹರಡುತ್ತಿತ್ತು. ಮೇಲಿನಿಂದ ಬೀಳುವ ತೆಂಗಿನಕಾಯಿಯನ್ನು ಬರಿಗೈಯಲ್ಲಿ ಹಿಡಿಯುವುದಕ್ಕೂ ಗೋಣಿಯಲ್ಲಿ ಹಿಡಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಬರುವ ಶನಿವಾರ ಮತ್ತೆ ಐದು ಗುಂಡು. ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಇಟ್ಟಿದ್ದೇನೆ. ಮನೆಯಲ್ಲಿ ಕೇಳಿದ್ದಕ್ಕೆ, ಬೆವರು ಒರೆಸಲು ಎಂದಿದ್ದೇನೆ.